ಸರಸ್ ವಿಮಾನ: ಎಲ್ಲಿ ಎಡವಿದ್ದು? ತೂಕವಾ, ಅಪಘಾತವಾ, ದುಡ್ಡಾ?

ಮುರುಗೇಶಪಾಳ್ಯದವ
ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ ಇದು. ಬೆಂಗಳೂರಿನ ಸರ್ಕಾರಿ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಕಟ್ಟಿದ ಸರಸ್ ಮೊದಲ ಸಲ ಹಾರಿದ್ದು 2004ರ ಮೇ 29ಕ್ಕೆ, ನಮ್ಮ ಎಚ್‌ಎಎಲ್ ವಿಮಾನ ನಿಲ್ದಾಣದಿಂದಲೇ. 14 ಜನ ಕೂರುವ ಪುಟ್ಟ ವಿಮಾನ. ಒಳಗೆ ಗಾಳಿಯ ಒತ್ತಡ ಕಾಪಾಡುವ ವ್ಯವಸ್ಥೆ, ಎರಡು ಎಂಜಿನ್, ಪ್ರೊಪೆಲ್ಲರ್ ಹಿಂದಕ್ಕೆ. ಆಗ ನಮ್ಮ ಏರಿಯಾದಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಐದು ವರ್ಷ ಕಳೆಯುವುದರೊಳಗೆ ಎರಡನೇ ವಿಮಾನ ಬಿಡದಿ ಹತ್ತಿರ ಬಿತ್ತು. ಮೂವರು ತೀರಿಕೊಂಡರು. ಆಮೇಲೆ ದುಡ್ಡು ನಿಂತಿತು, 2018ರಲ್ಲಿ ಮತ್ತೆ ಹಾರಿತು. ಇವತ್ತಿಗೂ ಅದರಲ್ಲಿ ಟಿಕೆಟ್ ತಗೊಂಡು ಹೋದವರು ಯಾರೂ ಇಲ್ಲ.

ಕೆಲವರು ಅಪಘಾತದಿಂದಲೇ ಹಾಳಾಯ್ತು ಅನ್ನುತ್ತಾರೆ. ನನಗೆ ಯಾಕೋ ಅದು ಪೂರ್ತಿ ನಿಜ ಅನ್ನಿಸುವುದಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ಹಾರೋಹಕ್ಕಿ
ಅಮೆರಿಕ ಬಿಡಲಿಲ್ಲ, ಅಷ್ಟೇ. 1998ರಲ್ಲಿ ಪೋಖ್ರಾನ್ ಅಣುಪರೀಕ್ಷೆ ಆದ ಮೇಲೆ ನಿರ್ಬಂಧ ಹಾಕಿದರು, ಪ್ರಾಜೆಕ್ಟ್ ನಿಂತಿತು. ಇನ್ನೇನು ಬೇಕು ಸಾಕ್ಷಿ?

ಗಾಳಿಸುರಂಗ
@ಹಾರೋಹಕ್ಕಿ ನಿರ್ಬಂಧದಿಂದ ಪೆಟ್ಟು ಬಿದ್ದದ್ದು ನಿಜ. ಆದರೆ ಕಥೆ ಅಲ್ಲಿಂದ ಶುರುವಾಗುವುದಿಲ್ಲ, ಅಲ್ಲಿಗೆ ಮುಗಿಯುವುದೂ ಇಲ್ಲ.

1991ರಲ್ಲಿ ಇದು ರಷ್ಯಾದ ಮ್ಯಾಸಿಶ್ಚೆವ್ ಸಂಸ್ಥೆ ಜೊತೆಗಿನ ಜಂಟಿ ಯೋಜನೆ. ಅವರ ಕಡೆಯ ವಿಮಾನಕ್ಕೆ ಎಂ-102 ಡ್ಯುಯೆಟ್ ಅಂತ ಹೆಸರು. ಸೋವಿಯತ್ ಒಕ್ಕೂಟ ಒಡೆದ ಕಾಲ ಅದು. ಅವರ ಕೈಯಲ್ಲಿ ಕಾಸಿರಲಿಲ್ಲ, ಹಿಂದೆ ಸರಿದರು. ಎನ್‌ಎಎಲ್ ಒಂಟಿಯಾಯ್ತು. 1998ರಲ್ಲಿ ನಿರ್ಬಂಧ. 1999ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಮತ್ತೆ ಒಪ್ಪಿಗೆ ಕೊಟ್ಟು, 2001ರ ಮಾರ್ಚ್‌ಗೆ ಹಾರಬೇಕು ಅಂದಿತು. ಹಾರಿದ್ದು 2004ಕ್ಕೆ. ಆ ತಡ ಪೂರ್ತಿ ಅಮೆರಿಕದ ತಲೆಗೆ ಕಟ್ಟಲಾಗದು. ಎಂಜಿನ್ ಕೆನಡಾದ್ದು, ಅದು ಬಂದೇ ಬಂತು.

ನನ್ನ ಪ್ರಕಾರ ನಿಜವಾದ ರೋಗ ತೂಕ. ಖಾಲಿ ವಿಮಾನ 4,125 ಕೆ.ಜಿ. ಇರಬೇಕು ಅಂತ ವಿನ್ಯಾಸ. ಮೊದಲ ವಿಮಾನವನ್ನು ತೂಗಿದಾಗ ಬಂದದ್ದು ಸುಮಾರು 5,118 ಕೆ.ಜಿ. ಹೆಚ್ಚುಕಡಿಮೆ ಒಂದು ಟನ್ ಜಾಸ್ತಿ! ಈ ವಿಮಾನ ಹೊರಬೇಕಿದ್ದ ಪೂರ್ತಿ ಹೊರೆಯೇ 1,232 ಕೆ.ಜಿ. ಲೆಕ್ಕ ಹಾಕಿ ನೋಡಿ. ಜನ ಹತ್ತುವ ಮೊದಲೇ ಜನರ ಪಾಲಿನ ತೂಕವನ್ನು ವಿಮಾನವೇ ನುಂಗಿಬಿಟ್ಟಿತ್ತು.

ಪ್ರಶ್ನೆಗಳಮೂಟೆ
ಒಂದು ಟನ್ ಹೇಗೆ ತಪ್ಪುತ್ತದೆ ಸರ್? ಅಷ್ಟು ಓದಿದವರು ಲೆಕ್ಕ ಹಾಕಿರಲ್ವಾ?

ರಿವೆಟ್‌ಗನ್
ನಾನು ಪೀಣ್ಯದಲ್ಲಿ ಶೀಟ್‌ಮೆಟಲ್ ಕೆಲಸ ಮಾಡುವವನು. ಸರಸ್‌ಗೆ ಕೆಲಸ ಮಾಡಿಲ್ಲ, ಬೇರೆ ವಿಮಾನದ ಭಾಗಗಳನ್ನು ಮಾಡಿದ್ದೇನೆ. ತೂಕ ಹೇಗೆ ಏರುತ್ತದೆ ಅಂತ ಕಣ್ಣಾರೆ ನೋಡಿದ್ದೇನೆ, ಹೇಳುತ್ತೇನೆ ಕೇಳಿ.

ಡ್ರಾಯಿಂಗ್‌ನಲ್ಲಿ 1.2 ಮಿ.ಮೀ. ಶೀಟ್ ಇರುತ್ತದೆ. ಸ್ಟೋರ್‌ನಲ್ಲಿ ಅದೇ ದರ್ಜೆಯ ಅಲ್ಯೂಮಿನಿಯಂ 1.6ರಲ್ಲಿ ಮಾತ್ರ ಇರುತ್ತದೆ. ಹೊಸದನ್ನು ತರಿಸಲು ತಿಂಗಳುಗಟ್ಟಲೆ ಬೇಕು. ಎಂಜಿನಿಯರ್ ಬಂದು "ಗಟ್ಟಿ ಇದ್ದರೆ ಪರವಾಗಿಲ್ಲ, ಹಾಕಿ" ಅಂತ ಸಹಿ ಮಾಡುತ್ತಾರೆ. ಒಂದು ಬ್ರಾಕೆಟ್‌ಗೆ ಹೆಚ್ಚಾದದ್ದು ಕೆಲವೇ ಗ್ರಾಂ. ರಂಧ್ರ ಸ್ವಲ್ಪ ಆಚೀಚೆ ಆದರೆ ಅದರ ಮೇಲೊಂದು ಪಟ್ಟಿ ಕೂರಿಸಿ ರಿವೆಟ್ ಹೊಡೆಯುತ್ತಾರೆ. ಅದೂ ಗ್ರಾಂ ಲೆಕ್ಕವೇ. ವೈರಿಂಗ್‌ನವರು ಮುಂದೆ ಬೇಕಾಗಬಹುದು ಅಂತ ಎರಡು ತಂತಿ ಜಾಸ್ತಿ ಎಳೆಯುತ್ತಾರೆ. ಮೊದಲ ವಿಮಾನ ಅಂದರೆ ಪರೀಕ್ಷೆಯ ಉಪಕರಣಗಳೂ ಇರುತ್ತವೆ. ಯಾರೂ ಒಂದು ಟನ್ ಸೇರಿಸಿರುವುದಿಲ್ಲ. ಪ್ರತಿಯೊಬ್ಬರೂ ಚಿಟಿಕೆಯಷ್ಟು ಸೇರಿಸಿರುತ್ತಾರೆ.

ತೂಕಕ್ಕೇ ಒಬ್ಬ ಮೇಷ್ಟ್ರು ಬೇಕು. ಪ್ರತಿ ಭಾಗ ತಕ್ಕಡಿ ಮೇಲೆ ಕೂತೇ ಜೋಡಣೆಗೆ ಹೋಗಬೇಕು. ಜಾಸ್ತಿ ಇದ್ದರೆ "ಆಗಲ್ಲ, ವಾಪಸ್" ಅನ್ನುವ ಅಧಿಕಾರ ಆ ಮನುಷ್ಯನಿಗೆ ಇರಬೇಕು. ಅದಿಲ್ಲದ ಕಡೆ ಎಂಥ ವಿಜ್ಞಾನಿ ಇದ್ದರೂ ವಿಮಾನ ದಪ್ಪ ಆಗುತ್ತದೆ.

ಪ್ರಶ್ನೆಗಳಮೂಟೆ
ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಧನ್ಯವಾದ ಅಣ್ಣಾ.

ಮೋಡದಾಚೆ
ತೂಕ ಸರಿ, ಆದರೆ ಮೂಲ ತಪ್ಪು ಪ್ರೊಪೆಲ್ಲರನ್ನು ಹಿಂದಕ್ಕೆ ಇಟ್ಟದ್ದು. ಮೊದಲ ವಿಮಾನ ಕಟ್ಟುವವರು ಯಾಕೆ ಪುಷರ್ ವಿನ್ಯಾಸ ಹಿಡಿಯಬೇಕಿತ್ತು? ಡಾರ್ನಿಯರ್ 228 ನೋಡಿ. ಪ್ರೊಪೆಲ್ಲರ್ ಮುಂದೆ, ರೆಕ್ಕೆ ಮೇಲೆ, ಸುಮ್ನೆ ಸರಳ ವಿಮಾನ. ಎಚ್‌ಎಎಲ್ ಕಾನ್ಪುರದಲ್ಲಿ ಅದನ್ನು ವರ್ಷಗಟ್ಟಲೆ ಮಾಡಿಕೊಂಡು ಬಂದಿದೆ.

ಗಾಳಿಸುರಂಗ
@ಮೋಡದಾಚೆ ಪುಷರ್‌ಗೆ ಕಾರಣ ಇತ್ತು. ಪ್ರೊಪೆಲ್ಲರ್ ಬಾಲದ ಹತ್ತಿರ ಇದ್ದರೆ ಒಳಗೆ ಕೂತವರಿಗೆ ಸದ್ದು ಕಡಿಮೆ. ರೆಕ್ಕೆಯ ಮೇಲೆ ಗಾಳಿ ನುಣ್ಣಗೆ ಹರಿಯುತ್ತದೆ. ಗಂಟೆಗೆ 550 ಕಿ.ಮೀ. ವೇಗ ಬೇಕಿತ್ತು. ಎಂಬತ್ತರ ದಶಕದಲ್ಲಿ ಜಗತ್ತೆಲ್ಲ ಹಾಗೇ ಯೋಚಿಸುತ್ತಿತ್ತು. ಇಟಲಿಯ ಪಿಯಾಜಿಯೊ ಅವಂತಿ, ಅಮೆರಿಕದ ಬೀಚ್ ಸ್ಟಾರ್‌ಶಿಪ್ ಎರಡೂ 1986ರಲ್ಲಿ ಹಾರಿದವು. ಬ್ರೆಜಿಲ್ ಮತ್ತು ಅರ್ಜೆಂಟೀನಾ ಸೇರಿ ಮಾಡಿದ ಸಿಬಿಎ-123 ಹಾರಿದ್ದು 1990ರಲ್ಲಿ. ನಮ್ಮವರು ಹುಚ್ಚು ಹತ್ತಿ ಮಾಡಿದ್ದಲ್ಲ.

ಮೋಡದಾಚೆ
ಆ ಪಟ್ಟಿಯೇ ನನ್ನ ವಾದ ಸರ್! ಸ್ಟಾರ್‌ಶಿಪ್ ಆದದ್ದು ಬರೀ 53. ಮಾಡಿದ ಕಂಪನಿಯೇ 2003ರಿಂದ ವಾಪಸ್ ಕೊಂಡು ಒಡೆದು ಹಾಕಿತು. ಸಿಬಿಎ-123 ಎರಡೇ ವಿಮಾನಕ್ಕೆ ನಿಂತಿತು, ಬೆಲೆ ಕೇಳಿ ಯಾರೂ ಕೊಳ್ಳಲಿಲ್ಲ. ಉಳಿದದ್ದು ಅವಂತಿ ಒಂದೇ. ದಶಕಗಳ ಅನುಭವ ಇದ್ದ ಬೀಚ್‌ಗೇ ಆಗದ್ದನ್ನು ನಾವು ಮೊದಲ ಪ್ರಯತ್ನಕ್ಕೇ ಹಿಡಿದೆವು.

ಮಾಂಟ್ರಿಯಲ್‌ಕನ್ನಡತಿ
ಇಲ್ಲಿ ಪಿಟಿ6 ಎಂಜಿನ್ ರಿಪೇರಿ ಕೆಲಸದಲ್ಲಿ ಇದ್ದೇನೆ, ಹಾಗಾಗಿ ಎರಡು ಮಾತು. ಸರಸ್‌ನ ಮೊದಲ ವಿಮಾನಕ್ಕೆ ಹಾಕಿದ್ದು 850 ಅಶ್ವಶಕ್ತಿಯ ಪಿಟಿ6ಎ-66. ಅವಂತಿಗೂ ಅದೇ ಸರಣಿಯ ಎಂಜಿನ್. ತೂಕ ಜಾಸ್ತಿ ಆದ ಮೇಲೆ ಎರಡನೇ ವಿಮಾನಕ್ಕೆ 1,200 ಅಶ್ವಶಕ್ತಿಯ ಪಿಟಿ6ಎ-67ಎ ಹಾಕಿದರು. ಅದೇ 67ಎ ಸ್ಟಾರ್‌ಶಿಪ್‌ನಲ್ಲೂ ಇತ್ತು. ಅಂದರೆ ಸರಸ್ ಶುರುವಾದದ್ದು ಅವಂತಿಯ ಎಂಜಿನ್ ಜೊತೆ, ಹೋಗಿ ಸೇರಿದ್ದು ಸ್ಟಾರ್‌ಶಿಪ್‌ನ ಎಂಜಿನ್‌ಗೆ.

ಈ ಎಂಜಿನ್‌ನ ವಿಶೇಷ ಏನೆಂದರೆ, ಗಾಳಿ ಒಂದು ತುದಿಯಲ್ಲಿ ಒಳಗೆ ಬಂದು, ಪ್ರೊಪೆಲ್ಲರ್ ಇರುವ ತುದಿಯ ಹತ್ತಿರ ಹೊಗೆಯಾಗಿ ಹೊರಗೆ ಹೋಗುತ್ತದೆ. ಮಾಮೂಲಿ ವಿಮಾನದಲ್ಲಿ ಪ್ರೊಪೆಲ್ಲರ್ ಮುಂದೆ, ಹೊಗೆ ಅದರ ಹಿಂದಕ್ಕೆ ಹೋಗುತ್ತದೆ. ಪುಷರ್‌ನಲ್ಲಿ ಎಂಜಿನ್ ತಿರುಗಿಸಿ ಕೂರಿಸುವುದರಿಂದ ಬಿಸಿ ಹೊಗೆ ನೇರವಾಗಿ ಪ್ರೊಪೆಲ್ಲರ್ ಎಲೆಗಳ ಮೇಲೆ ಬಡಿಯುತ್ತದೆ. ಅವಂತಿ ಮೇಲಿಂದ ಹೋದರೆ ಕೀರಲು ಸದ್ದು ಬರುತ್ತದೆ. ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಒಳಗೆ ಕೂತವರಿಗೆ ನಿಶ್ಶಬ್ದ, ಕೆಳಗೆ ಇರುವವರಿಗೆ ಗಲಾಟೆ.

ಮುರುಗೇಶಪಾಳ್ಯದವ
ಮೇಡಂ, ಹೌದು! ಸರಸ್ ಸದ್ದು ಬೇರೆಯೇ ಇತ್ತು. ನಮ್ಮ ಅಮ್ಮ ಒಳಗಿಂದಲೇ "ಅದು ಬಂತು ನೋಡು" ಅನ್ನುತ್ತಿದ್ದರು.

ಬಿಡದಿಹೈದ
ನಾನು ಶೇಷಗಿರಿಹಳ್ಳಿ ಪಕ್ಕದವನು. 2009ರ ಮಾರ್ಚ್ 6, ಶುಕ್ರವಾರ ಮಧ್ಯಾಹ್ನ. ನಾವು ತೋಟದಲ್ಲಿದ್ದೆವು. ಮೊದಲು ಸದ್ದು ಸರಿ ಇಲ್ಲ ಅನ್ನಿಸಿತು. ಆಮೇಲೆ ದಪ್ಪ ಹೊಗೆ. ಜನ ಓಡಿದರು, ಹತ್ತಿರ ಹೋಗುವಷ್ಟರಲ್ಲಿ ಬೆಂಕಿ. ಏನೂ ಮಾಡುವ ಹಾಗಿರಲಿಲ್ಲ. ಅದು ಪರೀಕ್ಷೆಯ ವಿಮಾನ, ಒಳಗಿದ್ದವರು ವಾಯುಪಡೆಯ ಪೈಲಟ್‌ಗಳು ಅಂತ ಗೊತ್ತಾದದ್ದು ಸಂಜೆ ಟಿವಿಯಲ್ಲಿ. ಊರ ಮನೆಗಳ ಮೇಲೆ ಬೀಳಲಿಲ್ಲ. ನಮ್ಮ ಕಡೆ ಹಿರಿಯರು ಈಗಲೂ ಆ ಮೂವರನ್ನು ನೆನೆಯುತ್ತಾರೆ.

ಹಳೇಮದ್ರಾಸ್‌ರಸ್ತೆ
ಅವರ ಹೆಸರು ಇಲ್ಲಿ ಇರಲಿ. ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ. ಮೂವರೂ ವಾಯುಪಡೆಯ ಪರೀಕ್ಷಾ ಘಟಕ ಎಎಸ್‌ಟಿಇಯವರು.

ಹಾರೋಹಕ್ಕಿ
ತನಿಖೆಯಲ್ಲಿ ಕೊನೆಗೆ ಪೈಲಟ್‌ಗಳ ಮೇಲೇ ಹಾಕಿದರು ಅಂತ ಕೇಳಿದ್ದೇನೆ. ಸತ್ತವರು ಬಂದು ಉತ್ತರ ಕೊಡುತ್ತಾರಾ? ಇದು ಅನ್ಯಾಯ.

ಗಾಳಿಸುರಂಗ
@ಹಾರೋಹಕ್ಕಿ ಪೂರ್ತಿ ಹಾಗಲ್ಲ. ಅವತ್ತಿನ ಪರೀಕ್ಷೆಯಲ್ಲಿ ಎಡ ಎಂಜಿನನ್ನು ಗಾಳಿಯಲ್ಲೇ ಆರಿಸಿ ಮತ್ತೆ ಹೊತ್ತಿಸಬೇಕಿತ್ತು. ವಿಮಾನಯಾನದ ಸರ್ಕಾರಿ ನಿಯಂತ್ರಕ ಡಿಜಿಸಿಎ ವರದಿ ಹೇಳಿದ್ದು: ಮತ್ತೆ ಹೊತ್ತಿಸುವ ವಿಧಾನವೇ ತಪ್ಪಾಗಿತ್ತು, ಅದನ್ನು ರೂಪಿಸಿದ್ದು ವಿನ್ಯಾಸ ಮಾಡಿದವರು. ಸಾಕಷ್ಟು ಎತ್ತರ ಇಲ್ಲದಾಗ ಅದನ್ನು ಮಾಡಿದ್ದು ಇನ್ನೊಂದು ಕಾರಣ. ಪ್ರೊಪೆಲ್ಲರ್ ತಯಾರಕರನ್ನು ಕೇಳದೆಯೇ ಆ ವಿಧಾನ ಬರೆದಿದ್ದರು ಅಂತಲೂ ವರದಿಯಲ್ಲಿದೆ. ಸಿಬ್ಬಂದಿ ನಡುವಿನ ಹೊಂದಾಣಿಕೆ ಬಗ್ಗೆಯೂ ಹೇಳಿದ್ದಾರೆ, ಅದು ನಿಜ. ಆದರೆ ಪಟ್ಟಿಯಲ್ಲಿ ಮೊದಲು ನಿಲ್ಲುವುದು ಆ ವಿಧಾನ.

ಪ್ರಶ್ನೆಗಳಮೂಟೆ
ಎಂಜಿನ್ ಹೊತ್ತಿಸುವುದಕ್ಕೆ ಪ್ರೊಪೆಲ್ಲರ್ ಕಂಪನಿಯನ್ನು ಯಾಕೆ ಕೇಳಬೇಕು?

ಮಾಂಟ್ರಿಯಲ್‌ಕನ್ನಡತಿ
ಒಳ್ಳೆಯ ಪ್ರಶ್ನೆ. ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಹಾಕಿ. ಅಂಗೈ ನೆಲಕ್ಕೆ ಸಮವಾಗಿ ಇದ್ದರೆ ಗಾಳಿ ಸಲೀಸಾಗಿ ಜಾರುತ್ತದೆ. ಅಂಗೈಯನ್ನು ಗಾಳಿಗೆ ಎದುರು ಮಾಡಿದರೆ ಕೈ ಹಿಂದಕ್ಕೆ ಹೋಗುತ್ತದೆ. ಪ್ರೊಪೆಲ್ಲರ್ ಎಲೆಯೂ ಹೀಗೇ ತಿರುಗುತ್ತದೆ.

ಎಂಜಿನ್ ಆರಿದಾಗ ಎಲೆಗಳನ್ನು ಗಾಳಿಗೆ ಅಂಚು ತೋರಿಸುವಂತೆ ತಿರುಗಿಸುತ್ತಾರೆ. ನಾವು ಫೆದರ್ ಅನ್ನುತ್ತೇವೆ. ಮತ್ತೆ ಹೊತ್ತಿಸುವಾಗ ಎಣ್ಣೆಯ ಒತ್ತಡ ಬಂದ ಕೂಡಲೇ ಎಲೆಗಳು ಆ ಸ್ಥಿತಿಯಿಂದ ಹೊರಬರಲು ನೋಡುತ್ತವೆ. ಎಂಜಿನ್‌ಗೆ ಇನ್ನೂ ಶಕ್ತಿ ಬಂದಿರದಿದ್ದರೆ, ಎಲೆಗಳು ಅಗಲವಾಗಿ ಗಾಳಿಗೆ ನಿಂತು ಒಂದು ಬದಿಗೆ ದೊಡ್ಡ ಬ್ರೇಕ್ ಹಾಕಿದ ಹಾಗಾಗುತ್ತದೆ. ಇನ್ನೊಂದು ಬದಿಯ ಎಂಜಿನ್ ಮುಂದಕ್ಕೆ ನೂಕುತ್ತಲೇ ಇರುತ್ತದೆ. ವಿಮಾನ ಪಕ್ಕಕ್ಕೆ ತಿರುಗಿ ಉರುಳುತ್ತದೆ, ಎತ್ತರ ಸರ್ರನೆ ಇಳಿಯುತ್ತದೆ. ಯಾವ ಲಿವರ್ ಎಲ್ಲಿರಬೇಕು, ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದೇ ಜೀವ. ಅದನ್ನು ಎಂಜಿನ್‌ನವರೂ ಪ್ರೊಪೆಲ್ಲರ್‌ನವರೂ ವಿಮಾನದವರೂ ಒಂದೇ ಮೇಜಿನ ಮುಂದೆ ಕೂತು ಬರೆಯಬೇಕು. ಇದು ಯಾವುದೇ ಎರಡು ಎಂಜಿನ್ ವಿಮಾನಕ್ಕೂ ಅನ್ವಯಿಸುವ ಮಾತು.

ರಿವೆಟ್‌ಗನ್
ಮೇಡಂ ಹೇಳಿದ್ದು ಓದಿ ಹೊಟ್ಟೆ ಉರಿಯಿತು. ಒಂದು ಪತ್ರ ಬರೆದು ಕೇಳಬಹುದಾಗಿದ್ದ ವಿಷಯ.

ಹಳೇಮದ್ರಾಸ್‌ರಸ್ತೆ
ಸ್ವಲ್ಪ ಬೇರೆ ಕಡೆ ಹೋಗುತ್ತೇನೆ, ಕ್ಷಮಿಸಿ. ದಿನಾ ಸುರಂಜನ್ ದಾಸ್ ರಸ್ತೆಯಲ್ಲಿ ಟ್ರಾಫಿಕ್‌ನಲ್ಲಿ ನಿಲ್ಲುವವರಲ್ಲಿ ಎಷ್ಟು ಜನಕ್ಕೆ ಗೊತ್ತು, ಅವರೂ ಪರೀಕ್ಷಾ ಪೈಲಟ್ ಅಂತ? ಎಚ್‌ಎಫ್-24 ಮಾರುತ್ ಯುದ್ಧ ವಿಮಾನವನ್ನು 1961ರ ಜೂನ್ 17ಕ್ಕೆ ಬೆಂಗಳೂರಿನಲ್ಲಿ ಮೊದಲು ಹಾರಿಸಿದವರು ಅವರೇ. ವಿನ್ಯಾಸ ಜರ್ಮನಿಯ ಕುರ್ಟ್ ಟ್ಯಾಂಕ್ ಅವರದು. ಅದಕ್ಕೂ ಮುಂಚೆ 1959ರಲ್ಲಿ ಮರದ ಗ್ಲೈಡರ್ ಮಾಡಿ, ಡಕೋಟಾ ವಿಮಾನಕ್ಕೆ ಕಟ್ಟಿ ಮೇಲೆ ಎಳೆದುಕೊಂಡು ಹೋಗಿ ಪರೀಕ್ಷೆ ಮಾಡಿದ್ದರು. 1970ರ ಜನವರಿ 10ಕ್ಕೆ ಅದೇ ಮಾರುತ್‌ನ ಹೊಸ ಮಾದರಿಯನ್ನು ಪರೀಕ್ಷಿಸುವಾಗ ದಾಸ್ ತೀರಿಕೊಂಡರು.

ಮಾರುತ್ ಕಥೆಯೂ ಎಂಜಿನ್ ಕಥೆಯೇ. ಅದಕ್ಕೆ ಹಾಕಿದ್ದ ಆರ್ಫಿಯಸ್ ಎಂಜಿನ್‌ನ ಹೆಚ್ಚು ಶಕ್ತಿಯ ಮಾದರಿ ಬೇಕಿತ್ತು. ಅದನ್ನು ಬೆಳೆಸಲು ಬ್ರಿಟಿಷ್ ಕಂಪನಿ ದುಡ್ಡು ಕೇಳಿತು, ನಮ್ಮವರು ಕೊಡಲಿಲ್ಲ. ಕಡಿಮೆ ಶಕ್ತಿಯದೇ ಗತಿಯಾಯ್ತು. ಶಬ್ದದ ವೇಗ ಮೀರಲೆಂದು ಹುಟ್ಟಿದ ವಿಮಾನ ಸಮತಟ್ಟಾಗಿ ಹಾರುವಾಗ ಅದನ್ನು ಮೀರಲೇ ಇಲ್ಲ.

ಮೋಡದಾಚೆ
ಆದರೂ ಮಾರುತ್ 147 ಆಯಿತು, 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಕೆಲಸ ಮಾಡಿತು. ಕೊಳ್ಳುವವರು ಇದ್ದರು ಅನ್ನುವುದೇ ವ್ಯತ್ಯಾಸ. ವಾಯುಪಡೆ ಬೇಕು ಅಂದಿತು, ಎಚ್‌ಎಎಲ್ ಮಾಡಿತು. ಸರಸ್ ಬೇಕು ಅಂತ ಯಾರು ಕೇಳಿದ್ದರು?

ಹಳೇಮದ್ರಾಸ್‌ರಸ್ತೆ
ಈ ಮಾತು ಒಪ್ಪುತ್ತೇನೆ. ಅಂದ ಹಾಗೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಅಂಗಳದಲ್ಲಿ ಮಾರುತ್ ನಿಂತಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ.

ಕಲಬುರಗಿಮಂದಿ
ಬೇಕು ಅಂತ ಯಾರು ಕೇಳಿದ್ದರು ಅಂದ್ರಲ್ಲ, ನಾವು ಕೇಳಾಕತ್ತೀವಿ ನೋಡ್ರಿ! ಕಲಬುರಗಿ ವಿಮಾನ ನಿಲ್ದಾಣ 2019ರಲ್ಲಿ ಶುರುವಾಯಿತು. ಬೀದರ್, ಶಿವಮೊಗ್ಗ, ವಿದ್ಯಾನಗರ ಎಲ್ಲ ಕಡೆ ರನ್‌ವೇ ಇವೆ. 70 ಸೀಟಿನ ವಿಮಾನ ತುಂಬುವುದು ಕಷ್ಟ ಅಂತ ಸೇವೆ ಬರುತ್ತದೆ, ಹೋಗುತ್ತದೆ. 19 ಸೀಟಿನದಾದರೆ ದಿನಕ್ಕೆ ಎರಡು ಸಲ ಓಡಿಸಬಹುದು. ನಮ್ಮ ತಂದೆಯವರನ್ನು ಹೃದಯದ ಚಿಕಿತ್ಸೆಗೆ ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಕರೆತಂದಿದ್ದೆವು. ಅವತ್ತು ಒಂದು ಸಣ್ಣ ವಿಮಾನ ಇದ್ದಿದ್ದರೆ ಎಷ್ಟು ಸಲೀಸಾಗುತ್ತಿತ್ತು ಅನ್ನುವುದು ನಮಗೇ ಗೊತ್ತು. ದೊಡ್ಡ ಊರಿನವರು ಈ ವಿಮಾನ ಯಾಕೆ ಅಂತ ಕೇಳಬೇಡ್ರಿ.

ಮುರುಗೇಶಪಾಳ್ಯದವ
@ಕಲಬುರಗಿಮಂದಿ ಇದನ್ನು ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್ ರೀ. ತಂದೆಯವರು ಈಗ ಹೇಗಿದ್ದಾರೆ?

ಕಲಬುರಗಿಮಂದಿ
ಆರಾಮ ಇದ್ದಾರ್ರಿ. ದಿನಾ ವಾಕಿಂಗ್ ಹೋಗ್ತಾರ.

ಗಾಳಿಸುರಂಗ
ಬೇಡಿಕೆ ಇದೆ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಇಲ್ಲಿ ಬ್ರೆಜಿಲ್ ಉದಾಹರಣೆ ನೋಡಿ. ಅವರ ಬಂದೇರಾಂಟೆ ವಿಮಾನ 1968ರಲ್ಲಿ ಹಾರಿತು. ಅದನ್ನು ಕಟ್ಟಿದ್ದೂ ಸರ್ಕಾರಿ ಸಂಶೋಧನಾ ಸಂಸ್ಥೆಯೇ, ನಮ್ಮ ಎನ್‌ಎಎಲ್ ತರಹ. ಮಾರನೇ ವರ್ಷವೇ ಅದನ್ನು ತಯಾರಿಸಿ ಮಾರಲು ಎಂಬ್ರೇಯರ್ ಅನ್ನುವ ಕಂಪನಿ ಹುಟ್ಟುಹಾಕಿದರು. ಅದಕ್ಕೂ ಪಿಟಿ6 ಎಂಜಿನ್ನೇ. ಪ್ರೊಪೆಲ್ಲರ್ ಮುಂದೆ, ಒಳಗೆ ಒತ್ತಡದ ವ್ಯವಸ್ಥೆ ಇಲ್ಲ, ತೀರಾ ಸಾದಾ. ಮೊದಲ ದೊಡ್ಡ ಗಿರಾಕಿ ಅವರದೇ ವಾಯುಪಡೆ. ಒಟ್ಟು ಸುಮಾರು 500 ಮಾಡಿದರು. ಒತ್ತಡದ ವ್ಯವಸ್ಥೆ, ವೇಗ, ಜೆಟ್ ಎಲ್ಲ ಆಮೇಲೆ ಬಂದವು. ತಮಾಷೆ ಅಲ್ಲ, ಮೇಲೆ ಹೇಳಿದ ಸಿಬಿಎ-123 ಅನ್ನುವ ಪುಷರ್‌ನಲ್ಲಿ ಕೈ ಸುಟ್ಟುಕೊಂಡವರೂ ಅವರೇ. ಆದರೆ ಅಷ್ಟು ಹೊತ್ತಿಗೆ ತಡೆದುಕೊಳ್ಳುವ ಶಕ್ತಿ ಬಂದಿತ್ತು.

ನನ್ನ ಅಭಿಪ್ರಾಯ ಖಡಾಖಂಡಿತ. ಸರಸ್ ಸೋತದ್ದು ಎಂಜಿನಿಯರ್‌ಗಳ ಬುದ್ಧಿ ಕಡಿಮೆ ಆಗಿ ಅಲ್ಲ. ಪ್ರಯೋಗಾಲಯಕ್ಕೆ ಕಾರ್ಖಾನೆಯ ಕೆಲಸ ಹಚ್ಚಿದರು, ಕೊಳ್ಳುವವರನ್ನು ಮೊದಲೇ ಜೊತೆಗೆ ಕೂರಿಸಲಿಲ್ಲ, ದುಡ್ಡನ್ನು ನಲ್ಲಿಯ ಹಾಗೆ ಬಿಟ್ಟು ಬಿಟ್ಟು ನಿಲ್ಲಿಸಿದರು. 2013ರ ಕೊನೆಗೆ ಅನುದಾನ ನಿಂತಿತು. ಕೆಲಸ ಪೂರ್ತಿ ನಿಲ್ಲಿಸಿದ್ದೇವೆ ಅಂತ 2016ರ ಜನವರಿಯಲ್ಲಿ ಹೊರಗೆ ಗೊತ್ತಾಯಿತು. ತಂಡದಲ್ಲಿದ್ದವರು ಅಷ್ಟರೊಳಗೆ ನಿವೃತ್ತಿ ಆಗುತ್ತಾರೆ, ಬೇರೆ ಕಡೆ ಹೋಗುತ್ತಾರೆ. ಕಲಿತದ್ದು ಕಾಗದದಲ್ಲಿ ಇರುವುದಿಲ್ಲ, ಜನರ ಕೈಯಲ್ಲಿ ಇರುತ್ತದೆ.

ಹಾರೋಹಕ್ಕಿ
ಹಾಗಾದರೆ ನಿರ್ಬಂಧಕ್ಕೆ ಏನೂ ಬೆಲೆ ಇಲ್ಲವಾ? ಹೊರಗಿನಿಂದ ಬರುವ ಎಂಜಿನ್, ಪ್ರೊಪೆಲ್ಲರ್ ನಂಬಿ ಕೂತರೆ ನಾಳೆ ಮತ್ತೆ ಅದೇ ಆಗುತ್ತದೆ. ಎಂಜಿನ್ ನಾವೇ ಮಾಡುವ ತನಕ ಯಾವ ವಿಮಾನವೂ ನಮ್ಮದಲ್ಲ.

ಮಾಂಟ್ರಿಯಲ್‌ಕನ್ನಡತಿ
@ಹಾರೋಹಕ್ಕಿ ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಪಿಟಿ6 ಇಲ್ಲಿಯ ತನಕ 50,000ಕ್ಕೂ ಹೆಚ್ಚು ಆಗಿವೆ. ಎಷ್ಟೋ ದೇಶಗಳ ಸಣ್ಣ ವಿಮಾನಗಳಿಗೆ ಇದೇ ಎಂಜಿನ್. ಬ್ರೆಜಿಲ್ ಕೂಡ ಎಂಜಿನ್ ಮಾಡಿಕೊಂಡು ಕಾಯಲಿಲ್ಲ. ವಿಮಾನ ಮೊದಲು ಮಾರಾಟ ಆಗಲಿ ಅನ್ನುವುದು ನನ್ನ ಮಾತು.

ಹಾರೋಹಕ್ಕಿ
ಈ ವಿಷಯದಲ್ಲಿ ನಮ್ಮಿಬ್ಬರದು ಹೊಂದುವುದಿಲ್ಲ ಮೇಡಂ. ಮಾರುತ್ ಕೂಡ ಎಂಜಿನ್‌ನಿಂದಲೇ ಕೆಟ್ಟಿತು ಅಂತ ಇಲ್ಲೇ ಬರೆದಿದ್ದಾರೆ.

ಪ್ರಶ್ನೆಗಳಮೂಟೆ
2018ರಲ್ಲಿ ಹಾರಿದ್ದು ಹೊಸ ವಿಮಾನವಾ, ಹಳೆಯದಾ?

ಗಾಳಿಸುರಂಗ
ಹಳೆಯದೇ. 2004ರಲ್ಲಿ ಹಾರಿದ ಮೊದಲ ವಿಮಾನವನ್ನೇ ಸುಧಾರಿಸಿ ಪಿಟಿ1ಎನ್ ಅಂತ ಹೆಸರಿಟ್ಟರು. 2018ರ ಜನವರಿ 24ಕ್ಕೆ ಎಚ್‌ಎಎಲ್ ನಿಲ್ದಾಣದಿಂದ ಸುಮಾರು 40 ನಿಮಿಷ ಹಾರಿತು. ಫೆಬ್ರವರಿ 21ಕ್ಕೆ ಇನ್ನೊಂದು ಹಾರಾಟ. ಈಗ ಗುರಿ ಇರುವುದು 19 ಸೀಟಿನ ಸರಸ್ ಎಂಕೆ2. ಮೊದಲ 15 ವಿಮಾನ ತಗೊಳ್ಳಲು ವಾಯುಪಡೆ ಒಪ್ಪಿದೆ ಅಂತ ಪ್ರಕಟವಾಗಿತ್ತು. ಮೋಡದಾಚೆಯವರು ಕೇಳಿದ ಪ್ರಶ್ನೆಗೆ ಇದು ಅರ್ಧ ಉತ್ತರ.

ಮೋಡದಾಚೆ
ಅರ್ಧ ಉತ್ತರವೇ. ವಿಮಾನ ತೂಗಿದ ದಿನ ತಕ್ಕಡಿಯ ಫೋಟೋ ಹಾಕಲಿ, ಆಗ ಪೂರ್ತಿ ನಂಬುತ್ತೇನೆ.

ರಿವೆಟ್‌ಗನ್
+1. ಒಂದು ಬ್ರಾಕೆಟ್ ಬಿಡದೆ ತೂಗಲಿ.

ಬಿಡದಿಹೈದ
ಇದೇ ಎನ್‌ಎಎಲ್‌ನವರ ಹಂಸ ಅನ್ನುವ ಎರಡು ಸೀಟಿನ ವಿಮಾನ ಚೆನ್ನಾಗಿ ಹಾರುತ್ತದೆ ಅಲ್ವಾ? ನನ್ನ ತಂಗಿ ಪೈಲಟ್ ಆಗಬೇಕು ಅಂತಿದ್ದಾಳೆ, ಅದಕ್ಕೇ ಕೇಳಿದೆ.

ಗಾಳಿಸುರಂಗ
ಹೌದು. ಹಂಸ ಮೊದಲು ಹಾರಿದ್ದು 1993ರಲ್ಲಿ, ಫ್ಲೈಯಿಂಗ್ ಕ್ಲಬ್‌ಗಳಿಗೂ ಹೋಯಿತು. ಹೊಸ ಮಾದರಿ ಹಂಸ-ಎನ್‌ಜಿ 2021ರ ಸೆಪ್ಟೆಂಬರ್ 3ಕ್ಕೆ ಹಾರಿದೆ. ಸಣ್ಣದು, ಹಗುರ, ತರಬೇತಿ ಅನ್ನುವ ಒಂದೇ ಕೆಲಸ. ಅದರ ಬಗ್ಗೆ ಹೇಳಲು ಬೇಕಾದಷ್ಟಿದೆ, ಬೇರೆ ಎಳೆ ಶುರು ಮಾಡಿ. ತಂಗಿಯ ಪ್ರಶ್ನೆಗಳನ್ನೂ ಅಲ್ಲೇ ಹಾಕಿ. ಜಕ್ಕೂರಿನಲ್ಲಿ ಕಲಿತವರು ಇಲ್ಲಿ ಇಬ್ಬರು ಮೂವರು ಇದ್ದಾರೆ, ಉತ್ತರ ಕೊಡುತ್ತಾರೆ.

ಬಿಡದಿಹೈದ
ಸರಿ ಸರ್, ಈಗಲೇ ಹಾಕುತ್ತೇನೆ.